ಇನ್ನೊಂದ್ಸಲ ಒತ್ತಿ, ಅಕ್ಕಾ

"ಇದೇನು ಹೆಬ್ಬೆಟ್ಟೋ, ಸವೆದುಹೋದ ಸೋಪಿನ ಚೂರೋ? ಒತ್ತಮ್ಮಾ, ಗಟ್ಟಿಯಾಗಿ ಒತ್ತು. ಮಗು ಕೆನ್ನೆ ಸವರಿದ ಹಾಗೆ ಸವರಿದ್ರೆ ಅದಕ್ಕೇನು ಗೊತ್ತಾಗುತ್ತೆ ನೀನ್ಯಾರು ಅಂತ?"

ನೀಲಕ್ಕ ಒತ್ತಿದಳು. ಬ್ಯಾಂಕಿನ ದೂರಿನ ಮೇಜಿನ ಮೇಲಿದ್ದ, ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಆ ಯಂತ್ರ ಕೆಂಪಗೆ ಕಣ್ಣು ಬಿಟ್ಟು, ಇಲಿಮರಿಯಂತೆ ಕೀಚೆಂದು, ಮತ್ತೆ ಕಣ್ಣು ಮುಚ್ಚಿತು. ಮೇಜಿನ ಹಿಂದಿದ್ದ ಅಧಿಕಾರಿ ಕನ್ನಡಕವನ್ನು ಮೂಗಿಗಿಂತ ಹೆಚ್ಚು ಹೊತ್ತು ನೆತ್ತಿಯ ಮೇಲೇ ಇಟ್ಟುಕೊಳ್ಳುವವನು. ಅವನು ಕಂಪ್ಯೂಟರಿನ ಕಡೆ ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದ.

"ಬರ್ಲಿಲ್ಲ."

"ಇನ್ನೊಂದ್ಸಲ ಒತ್ಲಾ ಸಾರ್?" ಅಂದಳು ನೀಲಕ್ಕ. ಹೇಳಿಸಿಕೊಳ್ಳುವ ಮುಂಚೆಯೇ ಕೇಳುವುದು ಅವಳಿಗೆ ರೂಢಿಯಾಗಿತ್ತು.

"ಒತ್ತು, ಒತ್ತು. ನಿನಗೆ ಬೇರೆ ಕೆಲಸ ಇಲ್ಲ, ನನಗೂ ಇಲ್ಲ."

ಹಿಂದೆ ನಿಂತಿದ್ದ ಟೈ ಕಟ್ಟಿದವನು ನಿಟ್ಟುಸಿರು ಬಿಟ್ಟ. ಬಲಗೈ ಹೆಬ್ಬೆಟ್ಟು ಆಯಿತು, ಎಡಗೈಯದು ಆಯಿತು, ತೋರುಬೆರಳೂ ಆಯಿತು. ಯಂತ್ರ ಎಲ್ಲಕ್ಕೂ ಕೀಚೆಂದಿತೇ ಹೊರತು ಒಪ್ಪಲಿಲ್ಲ.

"ನೋಡಮ್ಮಾ," ಅಧಿಕಾರಿ ಕುರ್ಚಿಗೆ ಒರಗಿದ. "ದುಡ್ಡು ಹೋಯ್ತು ಅಂತ ನೀನು ದೂರು ಕೊಡಬೇಕು. ದೂರು ತಗೋಬೇಕಾದ್ರೆ ನೀನು ನೀನೇ ಅಂತ ಇದು ಒಪ್ಪಬೇಕು. ಒಪ್ತಿಲ್ಲ. ನಾನೇನು ಮಾಡ್ಲಿ?"

"ದುಡ್ಡು ನಂದೇ ಸಾರ್. ನಾನೇ ನಾನು."

"ನಾನೂ ಮನೇಲಿ ಹಾಗೇ ಹೇಳ್ತೀನಿ, ಯಾರೂ ಒಪ್ಪಲ್ಲ." ತನ್ನ ಮಾತಿಗೆ ತಾನೇ ನಕ್ಕು, ಟೈ ಕಟ್ಟಿದವನೂ ನಕ್ಕನೇ ಎಂದು ನೋಡಿಕೊಂಡ. ಆಮೇಲೆ ಕರುಣೆ ಬಂದವನಂತೆ ಕನ್ನಡಕ ಇಳಿಸಿ ಪರದೆಯನ್ನು ಓದಿದ. "ದುಡ್ಡು ಎಲ್ಲೂ ಕಳುವಾಗಿಲ್ಲ ಕಣಮ್ಮಾ. ಪ್ರತಿ ಸಲಾನೂ ನೀನೇ ತೆಗ್ದಿದ್ದೀಯ. ನಿನ್ನದೇ ಹೆಬ್ಬೆಟ್ಟು. ಸಂಬಳ ಬಿದ್ದ ದಿನ, ನಿಮ್ಮ ಓಣಿ ಮೂಲೆ ಅಂಗಡಿ ಮೆಷಿನ್ನಲ್ಲಿ. ಒಂದು ಸಲ ತೆಗೀತೀಯ, ಉಸಿರು ಬಿಡೋದ್ರೊಳಗೆ ಇನ್ನೊಂದು ಸಲ ತೆಗೀತೀಯ. ಕೆಲವು ದಿನ ಮೂರು ಸಲ. ಏನಮ್ಮಾ ಅಷ್ಟು ಅವಸರ?"

ನೀಲಕ್ಕನ ಕೈ ಮೇಜಿನಿಂದ ಕೆಳಗಿಳಿಯಿತು.

"ಪ್ರತಿ ಸಲ ನಿನ್ನ ಫೋನಿಗೆ ಮೆಸೇಜೂ ಹೋಗಿದೆ. ನೋಡ್ಕೊಂಡು ಸುಮ್ನೆ ಕೂತಿದ್ದು ಯಾರು? ಮೋಸ ಆದ್ರೆ ತಕ್ಷಣ ತಿಳಿಸಬೇಕು, ಅಲ್ಲಿ ಗೋಡೆ ಮೇಲೆ ದೊಡ್ಡದಾಗಿ ಹಾಕಿದ್ದೀವಿ. ತಡ ಆದ್ರೆ ಬ್ಯಾಂಕು ಜವಾಬ್ದಾರಿ ಅಲ್ಲ."

"ನನ್ನ ಫೋನಿಗೆ ಯಾವ ಮೆಸೇಜೂ ಬಂದಿಲ್ಲ ಸಾರ್."

ಅವನು ನಂಬರಿನ ಕೊನೆಯ ಅಂಕಿಗಳನ್ನು ಓದಿ ಹೇಳಿದ. ಆ ಅಂಕಿಗಳು ನೀಲಕ್ಕನಿಗೆ ಗೊತ್ತಿದ್ದವು. ಲಾಂಡ್ರಿಯ ಗೇಟಿನ ಮೇಲೆ, ವ್ಯಾನಿನ ಬೆನ್ನಿನ ಮೇಲೆ, ಬಿಲ್ಲಿನ ತಲೆಯ ಮೇಲೆ ಎಲ್ಲ ಕಡೆ ಬರೆದಿರುವ ಅಂಕಿಗಳು. ಅದು ಅವಳು ಕೆಲಸ ಮಾಡುವ ಲಾಂಡ್ರಿಯ ಸಾಹುಕಾರನ ನಂಬರು. ಹೆಂಗಸರಿಗೆಲ್ಲ ಒಂದೇ ದಿನ ಖಾತೆ ಮಾಡಿಸಿದಾಗ, "ನಿಮ್ಮ ನಂಬರು ಹಬ್ಬಕ್ಕೊಂದು ಬದಲಾಗುತ್ತೆ, ನಂದೇ ಹಾಕಿಸ್ತೀನಿ" ಎಂದು ಅವನೇ ಹಾಕಿಸಿದ್ದ. ಅಂದು ಅದು ಅವನು ಮಾಡಿದ ಉಪಕಾರವಾಗಿತ್ತು.

ಗೋಡೆಯ ಮೇಲೆ ನಿಜಕ್ಕೂ ದೊಡ್ಡ ಚಿತ್ರವಿತ್ತು. ಮೋಸ ಹೋದಿರಾ? ತಕ್ಷಣ ತಿಳಿಸಿ! ಫೋನು ಹಿಡಿದ ಹೆಂಗಸೊಬ್ಬಳು ಮೋಸ ಹೋದದ್ದೇ ಭಾಗ್ಯವೆಂಬಂತೆ ಹಲ್ಲು ಬಿಟ್ಟು ನಗುತ್ತಿದ್ದಳು. ನೀಲಕ್ಕ ನೋಡಿದ್ದು ಅವಳ ಕೈಯನ್ನು. ಏನು ಕೈ! ಒಂದೊಂದು ಗೆರೆಯೂ ತಿದ್ದಿ ಬರೆದ ಹಾಗೆ.

* * *

ಲಾಂಡ್ರಿಯಲ್ಲಿ ಕೆಲಸ ಮಾಡುವವರ ಕೈಯಲ್ಲಿ ಗೆರೆ ನಿಲ್ಲುವುದಿಲ್ಲ. ಮೊದಲು ಸೋಡಾ ತಿನ್ನುತ್ತದೆ, ಉಳಿದದ್ದನ್ನು ಬ್ಲೀಚು ತಿನ್ನುತ್ತದೆ, ಅಲ್ಲಿಗೂ ಉಳಿದದ್ದು ಕುದಿಯುವ ನೀರಿನ ಪಾಲು. ಹೋಟೆಲುಗಳ ಹಾಸಿಗೆಯಿಂದ, ಆಸ್ಪತ್ರೆಗಳ ಮಂಚದಿಂದ ಬಂದ ಚಾದರಗಳ ಕಲೆಯೆಲ್ಲ ಹೋಗುವ ಹೊತ್ತಿಗೆ ತೊಳೆದವಳ ಗುರುತೂ ಹೋಗಿರುತ್ತದೆ. "ಕೈ ನೋಡಿ ಶಾಸ್ತ್ರ ಹೇಳೋನು ನಮ್ಮ ಹತ್ರ ಬಂದ್ರೆ ಉಪವಾಸ ಬೀಳ್ತಾನೆ ಕಣ್ರೇ, ಓದೋಕೆ ಏನಿದೆ?" ಎಂದು ಅವರೇ ಹಾಸ್ಯ ಮಾಡಿಕೊಳ್ಳುತ್ತಿದ್ದರು.

ನೀಲಕ್ಕನದು ಕೊನೆಯ ತೊಟ್ಟಿಯ ಕೆಲಸ. ಬೆಳ್ಳಗಾದ ಬಟ್ಟೆಯನ್ನು ನೀಲಿಯ ನೀರಿನಲ್ಲಿ ಅದ್ದಿ ಎತ್ತುವುದು. ಉಗುರಿನ ಬುಡದಲ್ಲಿ ನೀಲಿ ಕೂತು ಕೂತು ಹೆಸರೂ ಅದೇ ಆಯಿತು. ಹೆತ್ತವರಿಟ್ಟ ಹೆಸರು ಬ್ಯಾಂಕಿನ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿತ್ತು. ಎಲ್ಲರೂ ಮನೆಗೆ ಹೋದ ಮೇಲೆ ಅವಳು ಇಸ್ತ್ರಿಯ ಕೋಣೆಯಲ್ಲೇ, ಇನ್ನೂ ಬೆಚ್ಚಗಿರುವ ಉದ್ದನೆಯ ಮೇಜಿನ ಮೇಲೆ ಮಲಗುತ್ತಿದ್ದಳು. ಬಾಡಿಗೆ ಇಲ್ಲ, ಬದಲಿಗೆ ಕಾವಲು. ನಾಯಿ ಸಾಕಿದ್ದರೆ ಅನ್ನ ಹಾಕಬೇಕಾಗುತ್ತಿತ್ತು ಎಂಬುದು ಸಾಹುಕಾರನ ಲೆಕ್ಕ.

ಸಂಬಳ ಖಾತೆಗೆ ಬೀಳುತ್ತಿತ್ತು. ಖಾತೆಯಿಂದ ಕೈಗೆ ಬರಬೇಕಾದರೆ ಓಣಿಯ ಮೂಲೆಯ ಫೋನು ಅಂಗಡಿಗೆ ಹೋಗಬೇಕು. ಅಲ್ಲಿಯ ಯಜಮಾನನ ಹತ್ತಿರ ಬ್ಯಾಂಕಿನವರೇ ಕೊಟ್ಟ ಹೆಬ್ಬೆಟ್ಟಿನ ಯಂತ್ರವಿತ್ತು, ಒತ್ತಿದರೆ ದುಡ್ಡು. ಅವನನ್ನು ಎಲ್ಲರೂ ಹೆಬ್ಬೆಟ್ಟಣ್ಣ ಎನ್ನುತ್ತಿದ್ದರು. ವಯಸ್ಸಿನಲ್ಲಿ ಇವರಿಗೆಲ್ಲ ತಮ್ಮನಾಗಬೇಕಾದವನು.

ಅವನು ಒಳ್ಳೆಯವನು. ಇದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಸಾಹುಕಾರ "ಏಯ್" ಎನ್ನುವವರನ್ನು ಅವನು "ಬನ್ನಿ ಅಕ್ಕಾ" ಎನ್ನುತ್ತಿದ್ದ. ಸಾಲಿನ ಕಡೆಗೆ ಫ್ಯಾನು ತಿರುಗಿಸಿಡುತ್ತಿದ್ದ. ಹೆಬ್ಬೆಟ್ಟು ಬಾರದಿದ್ದರೆ ಬೈಯುತ್ತಿರಲಿಲ್ಲ. ಪುಟ್ಟ ಟವೆಲಿನಿಂದ ಕೈ ಒರೆಸಿ, ತುದಿಗೆ ಒಂದು ಹನಿ ಎಣ್ಣೆ ಹಚ್ಚಿ, ತಾನೇ ಬೆರಳು ಹಿಡಿದು ಗಾಜಿನ ಮೇಲೆ ಇಡುತ್ತಿದ್ದ. "ಬರ್ಲಿಲ್ಲ. ಪಾಪ, ಸೋಪಿನ ಕೈ. ಇನ್ನೊಂದ್ಸಲ ಒತ್ತಿ, ಅಕ್ಕಾ." ಅವರು ಒತ್ತುತ್ತಿದ್ದರು. ಹುಟ್ಟಿದಾಗಿನಿಂದ ಎಲ್ಲಿಗೆ ಹೋದರೂ ಮೊದಲ ಸಲಕ್ಕೆ ಯಾವುದೂ ಆದದ್ದಿಲ್ಲ; ಯಂತ್ರವೂ ಅದೇ ಜಾತಿ ಅಂದುಕೊಂಡಿದ್ದರು. ಎರಡನೆಯ ಸಲ, ಮೂರನೆಯ ಸಲ. "ಹಾಂ, ಈಗ ಬಂತು!" ಎಂದು ಅವನು ನಕ್ಕರೆ ಇವರಿಗೂ ಪರೀಕ್ಷೆ ಪಾಸಾದಷ್ಟು ಖುಷಿ.

ನೀಲಕ್ಕನಿಗೆ ಇನ್ನೂ ಒಂದು ಸಂಗತಿಯಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ಅಂಗಡಿಯಲ್ಲಿ ಒಬ್ಬರು ಅವಳ ಕೈ ಹಿಡಿಯುತ್ತಿದ್ದರು. ಬೇರೆಲ್ಲೂ ಯಾರೂ ಹಿಡಿಯುತ್ತಿರಲಿಲ್ಲ. ಕೆಲವೊಮ್ಮೆ ಮೊದಲ ಸಲಕ್ಕೇ ಬಂದುಬಿಟ್ಟೀತೆಂದು ಅವಳು ಹೆಬ್ಬೆಟ್ಟನ್ನು ಗಾಜಿಗೆ ತಾಗದ ಹಾಗೆ ಒಂಚೂರು ಮೇಲೆಯೇ ಇಟ್ಟದ್ದೂ ಉಂಟು.

ತಂಗಿಯನ್ನು ಕರೆತರುವ ಆಸೆಯನ್ನೂ ಅವಳು ಹೇಳಿದ್ದು ಅವನೊಬ್ಬನಿಗೇ.

* * *

ತಂಗಿ ಊರಾಚೆಯ ಎತ್ತರದ ಗೋಡೆಯ ಆಸ್ಪತ್ರೆಯಲ್ಲಿದ್ದಳು. ಕೂಸು ಹೋದ ದುಃಖಕ್ಕೆ ಮಾತು ಬಿಟ್ಟವಳನ್ನು ಗಂಡ ಅಲ್ಲಿಗೆ ಸೇರಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಬಂದಿರಲಿಲ್ಲ. ಕಾಯಿಲೆ ವಾಸಿಯಾಗಿ ಎಷ್ಟೋ ಕಾಲವಾಗಿತ್ತು. "ಕಾಯಿಲೆ ಇಲ್ಲಮ್ಮಾ, ಮನೆ ಇಲ್ಲ ಅಷ್ಟೇ. ನಮ್ಮಲ್ಲಿ ಅರ್ಧ ಜನರ ರೋಗ ಅದೇ," ಅಂದಿದ್ದರು ಅಲ್ಲಿಯ ಡಾಕ್ಟರಮ್ಮ. "ಒಂದು ಕೋಣೆ ತೋರ್ಸು. ಒಳಗಿನಿಂದ ಹಾಕೋ ಚಿಲಕ ಇರ್ಲಿ. ನಾಳೆನೇ ಕರ್ಕೊಂಡು ಹೋಗು." ತಂಗಿ ಇರುವಲ್ಲಿ ಚಿಲಕಗಳೆಲ್ಲ ಹೊರಗಡೆ.

ಭೇಟಿಯ ಹೊತ್ತು ಕೆಲಸದ ಹೊತ್ತು. ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಮೇಲೆ ಬೈಗುಳ. ಆದರೆ ಆ ಆಸ್ಪತ್ರೆಯ ಚಾದರಗಳು ಪ್ರತಿ ವಾರ ಇದೇ ಲಾಂಡ್ರಿಗೆ ಬರುತ್ತಿದ್ದವು. ಗೋಣಿಯಷ್ಟು ಒರಟಾದ ಆ ರಾಶಿಯಲ್ಲಿ ಒಂದರ ಮೂಲೆಯಲ್ಲಿ ಗಂಟಿರುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕತಂಗಿಯರು ಒಂದೇ ಹೊದಿಕೆಯೊಳಗೆ ಮಲಗುವಾಗ ತಲೆಯ ಕಡೆ ಯಾವುದು, ಕಾಲಿನ ಕಡೆ ಯಾವುದು ಎಂದು ಜಗಳವಾಗದಿರಲು ತಂಗಿ ಹಾಕುತ್ತಿದ್ದ ಗಂಟು. ಅದು ಬಂದರೆ ಅವಳಿದ್ದಾಳೆ.

ಗಂಟು ಬಿಚ್ಚದೆ ಬಿಟ್ಟರೆ ಲಾಂಡ್ರಿಯಲ್ಲಿ ದಂಡ. ಗಂಟಿನೊಳಗೆ ಕೊಳೆ ಉಳಿಯುತ್ತದೆ, ಗಿರಾಕಿ ವಾಪಸು ಕಳಿಸುತ್ತಾನೆ. ಹಾಗಾಗಿ ನೀಲಕ್ಕ ಪ್ರತಿ ವಾರ ಗಂಟು ಬಿಚ್ಚಿ, ಇಲ್ಲದ ಹಾಗೆ ಮಾಡಿ ಕಳಿಸುತ್ತಿದ್ದಳು. ತಾನು ನೋಡಿದೆ ಎಂದು ಆ ಕಡೆಗೆ ತಿಳಿಸುವ ದಾರಿಯೇ ಇರಲಿಲ್ಲ.

ಕೋಣೆ ಸಿಕ್ಕಿತ್ತು. ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆಯ ಮಹಡಿಯ ಮೇಲೆ, ಒಂದು ಕಿಟಕಿ, ಒಳಗಿನಿಂದ ಚಿಲಕ. ನೀಲಕ್ಕ ಆ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದ್ದಳು. "ಅದನ್ನೇನು ಕಿತ್ತು ತಗೊಂಡು ಹೋಗ್ತೀಯೇನೇ?" ಎಂದು ದರ್ಜಿ ಹೆಂಗಸು ನಕ್ಕಿದ್ದಳು. ಮುಂಗಡ ತರಲು ಬ್ಯಾಂಕಿಗೆ ಹೋದಾಗಲೇ ಗೊತ್ತಾದದ್ದು, ತಿಂಗಳು ತಿಂಗಳೂ ಉಳಿಸಿಟ್ಟಿದ್ದ ಖಾತೆಯಲ್ಲಿ ಗುಡಿಸಿ ಒಟ್ಟಿದರೂ ಒಂದು ತಿಂಗಳ ಬಾಡಿಗೆ ಆಗುವುದಿಲ್ಲವೆಂದು.

"ಈ ಸಂಬಳದ ದಿನ ಸಂಜೆವರೆಗೂ ಕಾಯ್ತೀನಿ," ಅಂದಳು ದರ್ಜಿ ಹೆಂಗಸು. "ಆಮೇಲೆ ಬೇರೆಯವರಿಗೆ ಕೊಟ್ಬಿಡ್ತೀನಿ ಕಣಮ್ಮ. ನಂಗೂ ಹೊಟ್ಟೆ ಇದೆ."

* * *

"ಮೆಸೇಜು ಬಂದಿದ್ದು ನಿಜ," ಅಂದ ಸಾಹುಕಾರ. ಅವನು ತೂಕದ ಯಂತ್ರದ ಪಕ್ಕದಲ್ಲಿ ಕೂತು ಬಟ್ಟೆಯ ಗಂಟು ತೂಗಿಸುತ್ತಿದ್ದ. ಹಲ್ಲುಕಡ್ಡಿ ಬಾಯಿಯ ಆ ಮೂಲೆಯಿಂದ ಈ ಮೂಲೆಗೆ ಬಂತು. "ದಿನಾ ಬರ್ತವೆ, ಟಿಣ್ ಟಿಣ್ ಟಿಣ್. ಯಾವಳು ಯಾವಾಗ ಎಷ್ಟು ಬಾಚ್ಕೊಂಡ್ಲು ಅಂತ ನೋಡ್ತಾ ಕೂರೋಕೆ ನಾನೇನು ನಿಮ್ಮಪ್ಪನಾ, ಗಂಡನಾ?"

"ಒಂದು ಮಾತು ಹೇಳಿದ್ದಿದ್ರೆ..."

"ಏನಂತ ಹೇಳ್ಬೇಕಿತ್ತು? ಅಮ್ಮಾ ತಾಯಿ, ನಿಮಗೆ ಮೆಸೇಜು ಬಂದಿದೆ, ದಯಮಾಡಿಸಿ ಅಂತಲಾ?"

"ಬ್ಯಾಂಕಿಗೆ ಒಂದ್ಸಲ ಬನ್ನಿ ಸಾಹುಕಾರ್ರೇ. ನಂಬರು ನಿಮ್ದು, ನೀವು ಬಂದು ಹೇಳಿದ್ರೆ ದೂರು ತಗೋತಾರಂತೆ. ಆ ಹೆಬ್ಬೆಟ್ಟಣ್ಣ..."

ಹಲ್ಲುಕಡ್ಡಿ ನಿಂತಿತು.

"ಅವನ ಹೆಸರೆತ್ತಬೇಡ. ಅವನ ಅಂಗಡಿ ಇರೋದು ನನ್ನ ಜಾಗದಲ್ಲಿ. ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕು ಬಾಡಿಗೆ ತಂದು ಕೈಗಿಡ್ತಾನೆ. ನಿನ್ನಂಥ ಲೌಡಿ ಮಾತು ಕೇಳ್ಕೊಂಡು ಅಂಥವನ ಮೇಲೆ ದೂರು ಹೇಳ್ಲಾ? ಕುಡಿದು ಹಾಕಿರ್ತೀಯ, ಇಲ್ಲಾ ಯಾವನಿಗೋ ಕೊಟ್ಟಿರ್ತೀಯ. ನಡಿ, ನೀಲಿ ತೊಟ್ಟಿ ತಣ್ಣಗಾಯ್ತು. ಇವತ್ತು ಬ್ಯಾಂಕು ತಿರುಗಿದ್ದಕ್ಕೆ ಅರ್ಧ ದಿನ ಕಟ್."

ಪೊಲೀಸ್ ಠಾಣೆಯಲ್ಲಿ ಪೇದೆ ಬಹಳ ವಿನಯದಿಂದ, ಬ್ಯಾಂಕಿನವರಿಂದ ಬರೆಸಿಕೊಂಡು ಬಾ ಅಂದ. ಬ್ಯಾಂಕಿನಲ್ಲಿ ನೆತ್ತಿಗನ್ನಡಕದವನು, ಠಾಣೆಯಿಂದ ಬರೆಸಿಕೊಂಡು ಬಾ ಅಂದ. ಇಬ್ಬರೂ ಒಂದೇ ತಾಯಿಯ ಮಕ್ಕಳಂತೆ ಮಾತಾಡಿದರು. ಇವರಿಬ್ಬರ ನಡುವಿನ ಹಾದಿಯಲ್ಲಿ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅದಕ್ಕೆ ಯಾರ ಹತ್ತಿರವೂ ಬರೆಸಬೇಕಾಗಿರಲಿಲ್ಲ, ಪಿನ್ನು ಸಾಕಾಯಿತು.

ಮೋಸ ಹೋದವರಿಗೆಂದೇ ಒಂದು ಫೋನು ನಂಬರಿತ್ತು. ತನ್ನದರಲ್ಲಿ ಕರೆನ್ಸಿ ಇರಲಿಲ್ಲವೆಂದು ಊಟದ ಹೊತ್ತಿನಲ್ಲಿ ಇಸ್ತ್ರಿಯವಳ ಫೋನು ಬೇಡಿಕೊಂಡು, ಒದ್ದೆ ಚಾದರಗಳ ಸಾಲಿನ ಹಿಂದೆ ನಿಂತು ಮಾಡಿದಳು. ಮೊದಲು ಸಂಗೀತ ಬಂತು. ಆಮೇಲೆ ಜೇನಿನಂಥ ದನಿಯ ಹೆಂಗಸು, "ನಿಮ್ಮ ಕರೆ ನಮಗೆ ಅತ್ಯಮೂಲ್ಯ. ದಯವಿಟ್ಟು ಕಾಯಿರಿ," ಅಂದಳು.

"ಆಗ್ಲಮ್ಮಾ," ಅಂದಳು ನೀಲಕ್ಕ. "ಯಾವ ತಾಯಿ ಹೆತ್ತ ಮಗಳೋ. ಊಟ ಆಯ್ತಾ?"

ಸಂಗೀತ. ಮತ್ತೆ ಅದೇ ದನಿ, ಅದೇ ಮಾತು. ಎಷ್ಟನೆಯ ಸಲವೋ, ದನಿಗೆ ಕಿವಿಯಿಲ್ಲವೆಂದು ನೀಲಕ್ಕನಿಗೆ ತಿಳಿಯಿತು. ಆದರೂ ಇಟ್ಟುಬಿಡಲು ಮನಸ್ಸಾಗಲಿಲ್ಲ. ಅಷ್ಟು ಮರ್ಯಾದೆಯಿಂದ ಯಾರಾದರೂ ಮಾತಾಡಿ ಬಹಳ ದಿನವಾಗಿತ್ತು. ಕೊನೆಗೆ ನಿಜವಾದ ಗಂಡಸೊಬ್ಬ ಬಂದು ಎಲ್ಲ ಕೇಳಿಸಿಕೊಂಡು, "ನಿಮ್ಮ ಖಾತೆಯ ನಂಬರಿಗೆ ಈಗ ಒಂದು ಕೋಡ್ ಬರುತ್ತೆ, ಅದನ್ನು ಹೇಳಿ," ಅಂದ. ಅಂಗಳದ ಆಚೆ, ತೂಕದ ಯಂತ್ರದ ಪಕ್ಕದಲ್ಲಿ, ಸಾಹುಕಾರನ ಜೇಬು ಟಿಣ್ ಅಂದಿತು. ಅವನು ತೆಗೆದು ನೋಡಲೂ ಇಲ್ಲ.

"ಹೇಳಿ ಮೇಡಂ... ಮೇಡಂ? ಸಮಯ ಮುಗೀತು ಮೇಡಂ."

* * *

"ನಿಂಗೆ ತಲೆ ಕೆಟ್ಟಿದೆ," ಅಂದಳು ಬಾಯಿಬಡುಕಿ. ಸೋಡಾ ತೊಟ್ಟಿಯವಳು ಅವಳು. ಆವಿಯ ನಡುವೆ ಕೂಗಿ ಕೂಗಿ ದನಿ ದೊಡ್ಡದಾಗಿತ್ತು, ಸಣ್ಣದು ಮಾಡುವುದು ಮರೆತುಹೋಗಿತ್ತು. "ಆ ದೇವರಂಥ ಹುಡುಗನ್ನ ಕಳ್ಳ ಅಂತೀಯಲ್ಲ, ನಾಲಿಗೆಗೆ ಹುಳ ಬೀಳುತ್ತೆ. ನನ್ನ ಸೊಸೆ ಹೆರಿಗೆಗೆ ಸಾಲ ಕೊಟ್ಟೋನು ಅವನು."

"ಯಾರ ದುಡ್ಡಲ್ಲಿ ಕೊಟ್ಟ?" ಅಂದಳು ನೀಲಕ್ಕ.

"ಯಾರದ್ದಾದ್ರೇನು, ಕೊಟ್ನಲ್ಲ! ನಾಳೆ ಅವನು ಅಂಗಡಿ ಮುಚ್ಕೊಂಡು ಹೋದ್ರೆ ಸಂಬಳ ಯಾರು ಬಿಡಿಸಿ ಕೊಡ್ತಾರೆ, ನಿನ್ನ ಬ್ಯಾಂಕಿನ ಕನ್ನಡಕದೋನಾ? ಅಲ್ಲಿ ನಮ್ಮ ಹೆಬ್ಬೆಟ್ಟು ಬರುತ್ತೇನೇ? ನಿಂದೇ ಬರ್ಲಿಲ್ಲ!"

ನೀಲಕ್ಕ ಉಳಿದವರ ಕಡೆ ತಿರುಗಿದಳು.

"ನಿಮ್ಮ ಸಂಬಳನೂ ಅಷ್ಟೇ ಕಣ್ರೇ. ಅವನು ಬರ್ಲಿಲ್ಲ ಅಂದಾಗಲೂ ದುಡ್ಡು ಹೋಗಿರುತ್ತೆ, ಅವನ ಜೇಬಿಗೆ. ಒಂದ್ಸಲ ಹೋಗಿ ಕೇಳಿ. ಎಷ್ಟು ಉಳಿದಿದೆ ಅಂತ ಕೇಳಿ."

ಕೇಳಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಏನಾದರೂ ಮಾಡಬೇಕಾಗುತ್ತದೆ. ಇಸ್ತ್ರಿಯವಳು ಮಾತ್ರ ತಲೆಯೆತ್ತಿ ನೋಡಿ, ಮತ್ತೆ ದಿಂಬಿನ ಚೀಲದ ಮೇಲೆ ಬಗ್ಗಿದಳು. ಅವಳು ಮಾತು ಕಡಿಮೆಯವಳು. ಗಂಡನಿಗೆ ಕಾಣದ ಹಾಗೆ ಅವಳೂ ಖಾತೆಯಲ್ಲಿ ಒಂದಿಷ್ಟು ಬಿಡುತ್ತಿದ್ದಳೆಂದು ನೀಲಕ್ಕನಿಗೆ ಗೊತ್ತಿತ್ತು.

"ಅವರ ಮನೇಲೇ ಇದೆ ಬಿಡ್ರೇ, ರಕ್ತದಲ್ಲಿ," ಅಂದಳು ಬಾಯಿಬಡುಕಿ, ಅವಳ ಮಟ್ಟಿಗೆ ಅದು ಪಿಸುಮಾತು. "ತಂಗಿ ಆ ಗೋಡೆ ಒಳಗೆ, ಇವಳು ಹೊರಗೆ. ಅಷ್ಟೇ ವ್ಯತ್ಯಾಸ."

ಅವತ್ತಿನಿಂದ ಊಟದ ಹೊತ್ತಿನಲ್ಲಿ ನೀಲಕ್ಕನ ಪಕ್ಕದ ಜಾಗ ಖಾಲಿ ಉಳಿಯತೊಡಗಿತು. ಯಾರೂ ಜಗಳವಾಡಲಿಲ್ಲ. ಸುಮ್ಮನೆ ಒಬ್ಬೊಬ್ಬರಾಗಿ ಆ ಕಡೆಯ ನೆರಳು ಹೆಚ್ಚು ತಂಪು ಎಂದು ಕಂಡುಕೊಂಡರು.

ಆ ವಾರ ಆಸ್ಪತ್ರೆಯ ಬಟ್ಟೆ ಬಂತು. ಗಂಟಿನ ಚಾದರ ರಾಶಿಯ ತಳದಲ್ಲಿತ್ತು. ಈ ಸಲ ಗಂಟು ತುಂಬಾ ಬಿಗಿಯಾಗಿತ್ತು, ಹಲ್ಲಿನಿಂದ ಎಳೆದು ಹಾಕಿದಂತೆ. ಕಳೆದ ಭೇಟಿಯಲ್ಲಿ ನೀಲಕ್ಕ ಕೋಣೆಯ ವಿಷಯ ಹೇಳಿ ಬಂದಿದ್ದಳು, ಚಿಲಕದ ವಿಷಯ ಕೂಡ. ಅವಳು ಉಗುರು ಹಾಕಿ ಗಂಟನ್ನು ಸಡಿಲಿಸಲು ನೋಡಿದಳು. ಆಮೇಲೆ ಬಿಚ್ಚದೆ ಹಾಗೇ ಕುದಿಸಲು ಹಾಕಿದಳು, ಹಾಗೇ ನೀಲಿಯಲ್ಲಿ ಅದ್ದಿದಳು. ಒಣಗಿದ ಮೇಲೆ ಎದುರಿನ ಮೂಲೆಯಲ್ಲಿ ತಾನೂ ಒಂದು ಗಂಟು ಹಾಕಿದಳು. ಇಸ್ತ್ರಿಯ ಮೇಜಿಗೆ ಅದು ಹೋದಾಗ ಇಸ್ತ್ರಿಯವಳು ಒಂದು ಗಂಟನ್ನು ಮುಟ್ಟಿ ನೋಡಿದಳು, ಇನ್ನೊಂದನ್ನು ಮುಟ್ಟಿ ನೋಡಿದಳು. ದಂಡ ಬೀಳುವುದು ಅವಳ ಕೂಲಿಯಲ್ಲೂ. ಅವಳು ಎರಡೂ ಗಂಟುಗಳನ್ನು ಒಳಮಡಿಕೆಗೆ ಸೇರಿಸಿ, ಮೇಲೆ ಇಸ್ತ್ರಿ ಎಳೆದು, ರಾಶಿಯ ನಡುವೆ ತೂರಿಸಿದಳು.

* * *

ಸಂಬಳದ ದಿನ ಮಧ್ಯಾಹ್ನ ಫೋನು ಅಂಗಡಿಯ ಮುಂದೆ ಸಾಲು ನಿಂತಿತ್ತು. ಫ್ಯಾನು ಸಾಲಿನ ಕಡೆ ತಿರುಗಿತ್ತು. ನೀಲಕ್ಕ ಸಾಲಿನಲ್ಲಿ ನಿಲ್ಲಲಿಲ್ಲ. ಗಲ್ಲಾದ ಪಕ್ಕಕ್ಕೆ, ಯಂತ್ರ ಕಾಣುವ ಹಾಗೆ ಹೋಗಿ ನಿಂತಳು.

"ಬನ್ನಿ ಅಕ್ಕಾ, ನೀವೇ ಮೊದಲು," ಅಂದ ಹೆಬ್ಬೆಟ್ಟಣ್ಣ.

"ನಂದಿಲ್ಲ. ನೋಡೋಕೆ ಬಂದೆ."

ಸಾಲಿನಲ್ಲಿ ಮೊದಲು ನಿಂತವಳು ಬಾಯಿಬಡುಕಿ. ಅವನು ಅವಳ ಕೈ ಒರೆಸಿ, ಎಣ್ಣೆ ಹಚ್ಚಿ, ಗಾಜಿನ ಮೇಲಿಟ್ಟ. ಯಂತ್ರ ಕೀಚೆಂದಿತು.

"ಬರ್ಲಿಲ್ಲ. ಪಾಪ, ಸೋಪಿನ..."

"ಬಂತು," ಅಂದಳು ನೀಲಕ್ಕ.

ಜೋರಾಗಿ ಅನ್ನಲಿಲ್ಲ. ಆದರೆ ಫ್ಯಾನಿನ ಸದ್ದಿಗಿಂತ ಮೇಲಿತ್ತು. ಹೆಬ್ಬೆಟ್ಟಣ್ಣ ನಕ್ಕ. "ಅಕ್ಕನಿಗೆ ಇವತ್ತು ತಮಾಷೆ. ಇನ್ನೊಂದ್ಸಲ ಒತ್ತಿ."

ಬಾಯಿಬಡುಕಿ ನೀಲಕ್ಕನನ್ನು ಕಣ್ಣಲ್ಲೇ ಸುಟ್ಟು, ಇನ್ನೊಂದು ಸಲ ಒತ್ತಿದಳು. ದುಡ್ಡು ತಗೊಂಡು ಪಕ್ಕಕ್ಕೆ ಸರಿದಳು, ಹೋಗಲಿಲ್ಲ. ಎರಡನೆಯವಳು ಬಂದಳು. "ಬರ್ಲಿಲ್ಲ." "ಬಂತು." ಮೂರನೆಯವಳು. "ಬರ್ಲಿಲ್ಲ ಅಕ್ಕಾ." "ಬಂತು." ಸಾಲಿನ ಹಿಂದಿನಿಂದ ಯಾರೋ "ಮುಂಡೇದು ಸುಮ್ನಿರಬಾರದಾ, ಹೊತ್ತಾಗುತ್ತೆ" ಅಂದರು. ಯಂತ್ರದ ಒಳಗೆ ಏನು ನಡೆಯುತ್ತದೆಂದು ನೀಲಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅವನು ಬರ್ಲಿಲ್ಲ ಅಂದಾಗಲೆಲ್ಲ ಬಂತು ಅನ್ನುವುದು.

ಹೆಬ್ಬೆಟ್ಟಣ್ಣ ಗಲ್ಲಾದ ಮೇಲೆ ಬಾಗಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಮಾತಾಡಿದ. ದನಿಯಲ್ಲಿ ಅದೇ ಎಣ್ಣೆಯಿತ್ತು.

"ಅಕ್ಕಾ, ತಂಗಿನ ಕರ್ಕೊಂಡು ಬರಬೇಕು ಅಂತಿದ್ರಲ್ಲ. ಮುಂಗಡ ಎಷ್ಟು ಅಂತ ನೀವೇ ಹೇಳಿದ್ರಿ, ನೆನಪಿದೆ ನಂಗೆ. ತಗೊಳ್ಳಿ. ಸಾಲ ಅಂದ್ಕೊಳ್ಳಿ, ತಮ್ಮ ಕೊಟ್ಟ ಅಂದ್ಕೊಳ್ಳಿ. ಹೋಗಿ ಕೋಣೆ ಮಾಡ್ಕೊಳ್ಳಿ. ಇಲ್ಲಿ ನಿಂತು ಯಾಕೆ ಸುಮ್ನೆ."

ಪುಟ್ಟ ಟವೆಲು ಗಲ್ಲಾದ ಮೇಲೆ ಜಾರುತ್ತ ಅವಳ ಕಡೆ ಬಂತು. ಅದರ ಕೆಳಗೆ ನೋಟಿನ ಕಟ್ಟು. ಅವನು ಮಾತು ತಪ್ಪಿರಲಿಲ್ಲ, ಕೋಣೆಗೆ ಬೇಕಾದಷ್ಟಿತ್ತು.

ನೀಲಕ್ಕನ ಕಣ್ಣ ಮುಂದೆ ಚಿಲಕ ಬಂತು. ಒಳಗಿನಿಂದ ಹಾಕುವ, ಒಳಗಿನಿಂದ ತೆಗೆಯುವ ಚಿಲಕ. ಸಂಜೆಯವರೆಗೂ ಕಾಯುತ್ತೇನೆ ಎಂದಿದ್ದಳು ದರ್ಜಿ ಹೆಂಗಸು. ಬಿಸಿಲು ಆಗಲೇ ಓಣಿಯ ಆಚೆ ಬದಿಯ ಗೋಡೆ ಹತ್ತುತ್ತಿತ್ತು.

ಅವಳು ಟವೆಲನ್ನು ಎತ್ತಿ ಪಕ್ಕಕ್ಕಿಟ್ಟಳು. ನೋಟಿನ ಕಟ್ಟನ್ನು ಕೈಗೆ ತಗೊಂಡಳು. ಆಮೇಲೆ, ತೊಳೆದ ಚಾದರದಲ್ಲಿ ಕಲೆ ಉಳಿದಿದೆಯೇ ಎಂದು ನೋಡಲು ಬೆಳಕಿಗೆ ಹಿಡಿಯುತ್ತಾರಲ್ಲ, ಹಾಗೆ ಒಂದು ನೋಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಎರಡನೆಯದನ್ನೂ ಹಿಡಿದು ನೋಡಿದಳು. ಅವಸರವಿಲ್ಲದೆ, ಸಾಲಿನಲ್ಲಿದ್ದ ಎಲ್ಲರಿಗೂ ಕಾಣುವ ಹಾಗೆ.

ಬಾಯಿಬಡುಕಿ ಗಲ್ಲಾದ ಹತ್ತಿರಕ್ಕೆ ಬಂದಳು.

"ಅದ್ಯಾಕೆ ಕೊಟ್ಟ ಅವಳಿಗೆ?" ಬಾಯಿಬಡುಕಿಯ ದನಿ ಮೊದಲ ಸಲ ಸಣ್ಣದಾಗಿತ್ತು. "ಹೆಬ್ಬೆಟ್ಟು ಒತ್ಲೇ ಇಲ್ಲ ಅವಳು. ಅಷ್ಟೊಂದು ಯಾಕೆ ಕೊಟ್ಟೆ?"

"ಸಾಲ ಅಕ್ಕಾ, ಅವರೇ ಕೇಳಿದ್ರು..."

"ನಿನ್ನ ಕಳ್ಳ ಅಂದೋಳಿಗೆ ಸಾಲ ಕೊಡ್ತೀಯೇನೋ, ಬೋಳಿಮಗನೇ?"

ಹೆಬ್ಬೆಟ್ಟಣ್ಣನ ಕೈ ಗಲ್ಲಾದ ಕೆಳಗಿದ್ದ ಫೋನಿನ ಕಡೆ ಹೋಯಿತು. ಸಾಹುಕಾರನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು. ಇಸ್ತ್ರಿಯ ಕೋಣೆಯ ಬೆಚ್ಚನೆಯ ಮೇಜು ಇವತ್ತೇ ಹೋಯಿತೆಂದು ನೀಲಕ್ಕನಿಗೆ ಗೊತ್ತಾಯಿತು. ಈಗ ಹೊರಟರೆ, ಸ್ವಲ್ಪ ಓಡಿದರೆ, ಕೋಣೆ ಸಿಕ್ಕೀತು. ನೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಿನ್ನು ಹಾಕಿದ ಚಪ್ಪಲಿಯ ಕಾಲು ಮೆಟ್ಟಿಲಿನವರೆಗೂ ಹೋಯಿತು.

ಸಾಲಿನಲ್ಲಿ ಮುಂದಿನವಳು ಇಸ್ತ್ರಿಯವಳು.

ನೀಲಕ್ಕ ತಿರುಗಿ ಬಂದು ಮೊದಲು ನಿಂತಿದ್ದ ಜಾಗದಲ್ಲೇ ನಿಂತಳು.

ಇಸ್ತ್ರಿಯವಳು ಮುಂದೆ ಬಂದಳು. ಅವನು ಕೈ ಚಾಚಿದ. ಅವಳು ಅವನ ಕೈಗೆ ಬೆರಳು ಕೊಡಲಿಲ್ಲ, ತಾನೇ ಸೀರೆಯ ಸೆರಗಿಗೆ ಒರೆಸಿಕೊಂಡು ತಾನೇ ಗಾಜಿನ ಮೇಲೆ ಇಟ್ಟಳು. ಯಂತ್ರ ಕೆಂಪಗೆ ಕಣ್ಣು ಬಿಟ್ಟಿತು. ಕೀಚೆಂದಿತು. ಹೆಬ್ಬೆಟ್ಟಣ್ಣ ಪರದೆಯನ್ನು ನೋಡಿದ.

"ಬರ್ಲಿಲ್ಲ," ಅಂದ. "ನಿಜವಾಗ್ಲೂ ಬರ್ಲಿಲ್ಲ ಅಕ್ಕಾ, ಆಣೆಗೂ. ಇನ್ನೊಂದ್ಸಲ ಒತ್ತಿ."

ನಿಜವಿದ್ದರೂ ಇರಬಹುದು. ಅದನ್ನು ತಿಳಿಯುವ ದಾರಿ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ನೀಲಕ್ಕ ಈ ಸಲ ಬಂತು ಅನ್ನಲಿಲ್ಲ. ಇಸ್ತ್ರಿಯವಳ ಹೆಬ್ಬೆಟ್ಟು ಗಾಜಿನಿಂದ ಒಂದು ಬೆರಳಿನಷ್ಟು ಮೇಲೆ, ಎಣ್ಣೆ ಕಾಣದೆ, ಗೆರೆಯಿಲ್ಲದೆ, ಗಾಳಿಯಲ್ಲಿ ನಿಂತಿತ್ತು. ಇಳಿಯಲಿಲ್ಲ.